ಬಗೆ, ಪ್ರಮಾಣ, ಉದ್ದೇಶ: ಮಂಗನ ಕಾಯಿಲೆಯ ಮಾದರಿಯನ್ನು ಲೋಕದ ಒಡಂಬಡಿಕೆಗೆ ತಕ್ಕಂತೆ ನಿರ್ವಹಿಸುವ ಕ್ರಮ

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಸುತ್ತಲಿನ ಹಳ್ಳಿಗಳ ಜನ ವಿಪರೀತ ಜ್ವರದಿಂದ ಮಲಗಿದ್ದಾರೆ ಎಂಬ ಸುದ್ದಿ 1957ರಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರವನ್ನು ತಲುಪಿದಾಗ, ಅಲ್ಲಿನ ವಿಜ್ಞಾನಿಗಳನ್ನು ಮೊದಲು ಕಾಡಿದ್ದು ಹಳದಿ ಜ್ವರದ ಭಯ. ಏಷ್ಯಾದಲ್ಲಿ ಅದುವರೆಗೆ ನೆಲೆಯೂರದಿದ್ದ ಆ ರೋಗ ಇಲ್ಲಿಗೆ ಬಂದಿದ್ದರೆ ಅದು ಇಡೀ ಖಂಡದ ಪ್ರಶ್ನೆಯಾಗುತ್ತಿತ್ತು. ಸತ್ತ ಮಂಗದಿಂದ ಬೇರ್ಪಡಿಸಿದ ವೈರಸ್ಸನ್ನು ಪರೀಕ್ಷಿಸಿದಾಗ ಅದು ಹಳದಿ ಜ್ವರದ್ದಲ್ಲವೆಂದೂ, ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ ಹೊಸದೊಂದು ವೈರಸ್ ಎಂದೂ ತಿಳಿದುಬಂತು. ಕಾಡಿನಂಚಿನ ಜನ ಕಂಡದ್ದನ್ನು ಹೇಳಿದ್ದರಿಂದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ 1952ರಲ್ಲಿ ಆ ಕೇಂದ್ರವನ್ನು ಕಟ್ಟಿದ್ದರಿಂದ ಮಂಗನ ಕಾಯಿಲೆಗೆ ಅಷ್ಟು ಬೇಗ ಒಂದು ಹೆಸರು ದೊರೆಯಿತು.

ನಮ್ಮ ಕಾಡಿನ ಹೆಸರು ಹೊತ್ತ ಆ ವೈರಸ್ ಈಗ ಜೈವಿಕ ಮತ್ತು ರಾಸಾಯನಿಕ ಅಸ್ತ್ರಗಳಿಗೆ ಬಳಕೆಯಾಗಬಲ್ಲ ವಸ್ತುಗಳ ರಫ್ತು ನಿಯಂತ್ರಣಕ್ಕಾಗಿ ಹಲವು ರಾಷ್ಟ್ರಗಳು ಸೇರಿ ರಚಿಸಿಕೊಂಡ ಆಸ್ಟ್ರೇಲಿಯಾ ಗುಂಪಿನ ಪಟ್ಟಿಯಲ್ಲಿದೆ. ಭಾರತ ಆ ಗುಂಪನ್ನು ಸೇರಿದ್ದು 2018ರ ಜನವರಿಯಲ್ಲಿ. ಸೋಂಕುಕಾರಕ ವಸ್ತುಗಳ ಸಾಗಣೆಗೆ ವಿಶ್ವಸಂಸ್ಥೆಯ ನಿಯಮಾವಳಿ ಮಾಡಿರುವ ವಿಂಗಡಣೆಯಲ್ಲಿ ಅದು ಅತ್ಯಂತ ಅಪಾಯದ 'ಎ' ವರ್ಗಕ್ಕೆ ಸೇರಿದೆ. ಆದ್ದರಿಂದ ಸಾಗರ, ತೀರ್ಥಹಳ್ಳಿ, ಹೊಸನಗರದ ಯಾವುದೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಸೀಸೆ ರಕ್ತ ತೆಗೆಯುವ ಸಿಬ್ಬಂದಿಯೂ ಅಂತರರಾಷ್ಟ್ರೀಯ ಒಪ್ಪಂದವೊಂದರ ಕೊಂಡಿಯೇ ಆಗಿದ್ದಾರೆ. ಈ ಬರಹ ಅವರಿಗಾಗಿ. ಅರಣ್ಯ ವೀಕ್ಷಕರು, ಆಶಾ ಕಾರ್ಯಕರ್ತೆಯರು, ಪಶುವೈದ್ಯರು, ಜೀವವಿಜ್ಞಾನ ಕಲಿಯುವ ಮತ್ತು ಕಲಿಸುವ ಕಾಲೇಜಿನವರಿಗಾಗಿ.

1972ರ ಏಪ್ರಿಲ್ 10ರಂದು ಸಹಿಗೆ ತೆರೆದು 1975ರ ಮಾರ್ಚ್ 26ರಂದು ಜಾರಿಗೆ ಬಂದ ಜೈವಿಕ ಅಸ್ತ್ರ ನಿಷೇಧ ಒಡಂಬಡಿಕೆಯ ಮೊದಲ ವಿಧಿಯನ್ನು ಒಮ್ಮೆ ಗಮನವಿಟ್ಟು ಓದಿಕೊಂಡರೆ ಉಳಿದ ಕೆಲಸ ಸುಲಭವಾಗುತ್ತದೆ. ಆ ವಿಧಿಯಲ್ಲಿ ರೋಗಾಣುಗಳ ಪಟ್ಟಿಯೇ ಇಲ್ಲ. ರೋಗ ತಡೆ, ರಕ್ಷಣೆ ಅಥವಾ ಬೇರೆ ಶಾಂತಿಯುತ ಉದ್ದೇಶದಿಂದ ಸಮರ್ಥಿಸಲಾಗದ ಬಗೆಯ, ಸಮರ್ಥಿಸಲಾಗದ ಪ್ರಮಾಣದ ಜೈವಿಕ ವಸ್ತುವನ್ನು ತಯಾರಿಸುವುದನ್ನೂ, ಕೂಡಿಡುವುದನ್ನೂ, ಬೇರೆ ರೀತಿಯಲ್ಲಿ ಪಡೆದು ಇಟ್ಟುಕೊಳ್ಳುವುದನ್ನೂ ಅದು ನಿಷೇಧಿಸುತ್ತದೆ. ಅಂದರೆ ಅದು ಕೇಳುವುದು ಮೂರೇ ಪ್ರಶ್ನೆ: ಯಾವ ಬಗೆಯದು, ಎಷ್ಟಿದೆ, ಯಾತಕ್ಕೆ. ನಮ್ಮ ಮಾದರಿ ರಿಜಿಸ್ಟರ್‌ನಲ್ಲಿ ಇರಬೇಕಾದ ಮುಖ್ಯ ಅಂಕಣಗಳೂ ಇವೇ ಮೂರು.

ಕಾಡಿನ ಅಂಚಿನಲ್ಲಿ

ಸತ್ತ ಮಂಗವನ್ನು ಕಂಡವರು ಹತ್ತಿರ ಹೋಗಬಾರದು, ಕೋಲಿನಿಂದಲೂ ಸರಿಸಬಾರದು. ಶವ ತಣ್ಣಗಾಗುತ್ತಿದ್ದಂತೆ ಮೈಮೇಲಿನ ಉಣುಗುಗಳು ಇಳಿದು ಸುತ್ತಲಿನ ದರಗಿನಲ್ಲಿ ಸೇರಿಕೊಳ್ಳುತ್ತವೆ. ಶವ ಬಿದ್ದ ಜಾಗದ ಸುತ್ತ 50 ಅಡಿಯವರೆಗೆ ಉಣುಗುನಾಶಕ ಪುಡಿ ಹಾಕುವ ಪದ್ಧತಿ ಬಂದಿರುವುದು ಈ ಕಾರಣದಿಂದಲೇ. ದೂರದಿಂದಲೇ ಜಾಗ ಗುರುತಿಸಿಕೊಂಡು ಆಶಾ ಕಾರ್ಯಕರ್ತೆಗೆ, ಅರಣ್ಯ ಸಿಬ್ಬಂದಿಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೂಡಲೇ ತಿಳಿಸಬೇಕು. ಮರಣೋತ್ತರ ಪರೀಕ್ಷೆ ಮತ್ತು ಶವದ ದಹನ ರಕ್ಷಣಾ ಉಡುಪು ತೊಟ್ಟ ಪಶುವೈದ್ಯರ ಮತ್ತು ಅವರ ತಂಡದ ಕೆಲಸ. ದರಗು, ಸೊಪ್ಪು, ಸೌದೆಗೆಂದು ಕಾಡಿಗೆ ಹೋಗಲೇಬೇಕಾದವರು ಕೈಕಾಲುಗಳಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ತೈಲ ಹಚ್ಚಿಕೊಂಡು, ಮೈತುಂಬ ಬಟ್ಟೆ ತೊಟ್ಟು ಹೋಗಿ, ಮರಳಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನು ಬಿಸಿನೀರಿಗೆ ಹಾಕಬೇಕು.

ಸುದ್ದಿ ಸ್ವೀಕರಿಸಿದವರು ಬರೆದುಕೊಳ್ಳುವ ರೀತಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಇಲ್ಲಿ ತಪ್ಪಿದರೆ ಮುಂದೆ ಯಾರೂ ಸರಿಪಡಿಸಲಾರರು. 'ಊರಿನ ಹತ್ತಿರದ ಕಾಡು' ಎಂದು ಬರೆದರೆ ಸಾಲದು. ಜನ ಕರೆಯುವ ಕಾನಿನ ಅಥವಾ ಸೊಪ್ಪಿನ ಬೆಟ್ಟದ ಹೆಸರು, ಸರ್ವೆ ನಂಬರ್, ಮೊಬೈಲ್ ತೋರಿಸುವ ಅಕ್ಷಾಂಶ ಮತ್ತು ರೇಖಾಂಶ, ಮೂರೂ ಬೇಕು. ಸತ್ತದ್ದು ಕರಿಮೂತಿಯ ಮುಸುವವೋ ಸಾಮಾನ್ಯ ಮಂಗವೋ, ಎಷ್ಟು, ಶವ ಹೊಸದೋ ಕೊಳೆತದ್ದೋ, ಕಂಡ ದಿನ ಮತ್ತು ಹೊತ್ತು ಯಾವುದು ಎಂಬುದನ್ನು ಆಗಲೇ ಬರೆಯಬೇಕು. ಹೇಳಿದವರ ಹೆಸರು ಕಚೇರಿಯ ಕಡತದಲ್ಲಿರಲಿ. ವಾಟ್ಸಾಪ್ ಗುಂಪುಗಳಲ್ಲಿ ಬೇಡ. ಸುದ್ದಿ ಕೊಟ್ಟದ್ದಕ್ಕೆ ಊರವರಿಂದ ಮಾತು ಕೇಳಬೇಕಾಗಿ ಬಂದವರು ಮುಂದಿನ ಸಲ ಬಾಯಿ ಬಿಡುವುದಿಲ್ಲ.

ಪೆಟ್ಟಿಗೆ ಕಟ್ಟುವಾಗ

ಮೂರು ಪದರದ ಪೊಟ್ಟಣ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ, ಆದರೆ ಪ್ರತಿ ಪದರಕ್ಕೂ ಇರುವ ಕಾರಣ ತಿಳಿದವರು ಮಾತ್ರ ಅವಸರದಲ್ಲೂ ಅದನ್ನು ಬಿಡುವುದಿಲ್ಲ. ಮೊದಲನೆಯದು ಮಾದರಿ ಇರುವ ಸೋರದ ಸೀಸೆ. ಅದರ ಸುತ್ತ, ಸೀಸೆ ಒಡೆದರೆ ಒಳಗಿನ ದ್ರವವೆಲ್ಲ ಹೀರಿಕೊಳ್ಳುವಷ್ಟು ಹತ್ತಿ ಅಥವಾ ಹೀರುಕಾಗದ ಇರಬೇಕು. ಎರಡನೆಯದು ಅದನ್ನೆಲ್ಲ ಒಳಗೊಳ್ಳುವ, ತಾನೂ ಸೋರದ ಗಟ್ಟಿ ಡಬ್ಬಿ. ಒಂದಕ್ಕಿಂತ ಹೆಚ್ಚು ಸೀಸೆಗಳಿದ್ದರೆ ಒಂದಕ್ಕೊಂದು ತಾಗದಂತೆ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಸುತ್ತಿರಬೇಕು. ಮೂರನೆಯದು ಹೊರಗಿನ ಪೆಟ್ಟಿಗೆ. ಮಾದರಿಗಳ ಪಟ್ಟಿಯಿರುವ ಕಾಗದ ಎರಡನೆಯ ಮತ್ತು ಮೂರನೆಯ ಪದರದ ನಡುವೆ ಇರಬೇಕೇ ಹೊರತು ಸೀಸೆಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಬಾರದು.

ಹೀಗೆ ಒತ್ತಿ ಹೇಳಲು ಕಾರಣವಿದೆ. ನಾನು ಕೆಲಸ ಮಾಡುತ್ತಿದ್ದ ಕಡೆಗೆ ಒಂದು ಮಾರ್ಚ್ ತಿಂಗಳಲ್ಲಿ ಬಂದ ಪೆಟ್ಟಿಗೆಯೊಂದರಲ್ಲಿ ಮಂಜುಗಡ್ಡೆ ಪೂರ್ತಿ ಕರಗಿ, ಸೀಸೆಗಳ ಮೇಲೆ ಶಾಯಿಯಲ್ಲಿ ಬರೆದಿದ್ದ ಹೆಸರುಗಳು ಅಳಿಸಿಹೋಗಿದ್ದವು. ಆರು ಸೀಸೆಗಳಲ್ಲಿ ಯಾವುದು ಯಾರದೆಂದು ಹೇಳಲಾಗದೆ ಎಲ್ಲವನ್ನೂ ನಾಶಪಡಿಸಿ, ಆರು ಮಂದಿಯಿಂದ ಮತ್ತೆ ರಕ್ತ ಪಡೆಯಬೇಕಾಯಿತು. ಅವರಲ್ಲೊಬ್ಬ ವೃದ್ಧೆ ಜ್ವರದಲ್ಲೇ ಎರಡನೆಯ ಸಲ ಘಟ್ಟದ ದಾರಿ ಇಳಿದು ಬಂದಿದ್ದರು. ನೀರಿಗೆ ಅಳಿಯದ ಶಾಯಿ, ಹೆಸರಿನ ಬದಲು ಸಂಕೇತ ಸಂಖ್ಯೆ, ಕರಗಿದರೂ ನೀರು ಬಿಡದ ಮುಚ್ಚಿದ ಮಂಜುಪೊಟ್ಟಣ, ಇಷ್ಟಿದ್ದರೆ ಅದನ್ನು ತಪ್ಪಿಸಬಹುದಿತ್ತು.

ಮಾದರಿಯನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳುಹಿಸಬಾರದು. ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಸರಪಳಿ ಒಂದು ಗಂಟೆಯೂ ಕಡಿಯಬಾರದು. ಕೊಟ್ಟವರೂ ಪಡೆದವರೂ ಹೊತ್ತು ನಮೂದಿಸಿ ಸಹಿ ಹಾಕಬೇಕು, ಮತ್ತು ಪೆಟ್ಟಿಗೆ ಹೊರಡುವ ಮೊದಲೇ ತಲುಪಬೇಕಾದ ಪ್ರಯೋಗಾಲಯಕ್ಕೆ ಫೋನ್ ಹೋಗಿರಬೇಕು. ವಿಮಾನದಲ್ಲಿ ಕಳುಹಿಸುವಾಗ ಮಂಗನ ಕಾಯಿಲೆಯ ವೈರಸ್ ಇರುವ ಅಥವಾ ಇರಬಹುದಾದ ಮಾದರಿಗೆ 'ಎ' ವರ್ಗದ ಯುಎನ್ 2814 ಎಂಬ ಸಂಖ್ಯೆ ಅನ್ವಯಿಸುತ್ತದೆ. ಸಾಮಾನ್ಯ ರೋಗಪತ್ತೆ ಮಾದರಿಗಳ ಯುಎನ್ 3373 ಗುರುತನ್ನು ಅದಕ್ಕೆ ಅಂಟಿಸುವುದು ತಪ್ಪು ಘೋಷಣೆಯಾಗುತ್ತದೆ. 'ಎ' ವರ್ಗದ ಪೆಟ್ಟಿಗೆಯನ್ನು ತರಬೇತಿ ಪಡೆದು ಪ್ರಮಾಣಪತ್ರ ಹೊಂದಿದವರೇ ಕಟ್ಟಬೇಕು. ಒಣ ಮಂಜುಗಡ್ಡೆ ಬಳಸಿದ್ದರೆ ಅನಿಲ ಹೊರಹೋಗಲು ಹೊರಪೆಟ್ಟಿಗೆಯಲ್ಲಿ ದಾರಿಯಿರಬೇಕು, ಇಲ್ಲದಿದ್ದರೆ ಪೆಟ್ಟಿಗೆಯೇ ಸಿಡಿಯಬಹುದು.

ಪ್ರಯೋಗಾಲಯದ ಬಾಗಿಲ ಒಳಗೆ

ಜೈವಿಕ ಸುರಕ್ಷತೆ ಮತ್ತು ಜೈವಿಕ ಭದ್ರತೆ ಎಂಬ ಎರಡು ಪದಗಳನ್ನು ಒಂದೇ ಎಂಬಂತೆ ಬಳಸುವುದುಂಟು. ಅಡಿಕೆ ತೋಟವಿದ್ದವರಿಗೆ ಇವುಗಳ ವ್ಯತ್ಯಾಸ ತಿಳಿಸುವುದು ಕಷ್ಟವಲ್ಲ: ಕಳೆನಾಶಕ ಹೊಡೆಯುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವುದು ಮೊದಲನೆಯದು, ಉಳಿದ ಬಾಟಲಿಯನ್ನು ಬೀಗ ಹಾಕಿದ ಕಪಾಟಿನಲ್ಲಿಟ್ಟು ಲೆಕ್ಕ ಬರೆದಿಡುವುದು ಎರಡನೆಯದು. ಮೊದಲನೆಯದು ರೋಗಾಣುವಿನಿಂದ ಮನುಷ್ಯರನ್ನು ಕಾಯುತ್ತದೆ. ಎರಡನೆಯದು ಕೆಟ್ಟ ಉದ್ದೇಶದ ಮನುಷ್ಯರ ಕೈಗೆ ರೋಗಾಣು ಸಿಗದಂತೆ ಕಾಯುತ್ತದೆ.

ಸಣ್ಣ ಪ್ರಯೋಗಾಲಯಗಳಿಗೆ ನನ್ನ ಸ್ಪಷ್ಟ ಸಲಹೆಯೆಂದರೆ ಜೀವಂತ ವೈರಸ್ಸನ್ನು ಬೆಳೆಸುವ ಯೋಚನೆಯನ್ನೇ ಮಾಡಬಾರದು. ಈ ವೈರಸ್ಸಿನ ಸೋಂಕು ಪ್ರಯೋಗಾಲಯದ ಸಿಬ್ಬಂದಿಗೂ ತಗುಲಿದ ಚರಿತ್ರೆಯಿದೆ. ರೋಗಪತ್ತೆಗೆ ಬೇಕಾದಷ್ಟು ಮಾತ್ರ ಇಟ್ಟುಕೊಂಡು, ಉಳಿದದ್ದನ್ನು ಅಧಿಕೃತ ಸಂಗ್ರಹಾಲಯಕ್ಕೆ ಕಳುಹಿಸಬೇಕು ಇಲ್ಲವೆ ನಾಶಪಡಿಸಬೇಕು. ನಾಶಪಡಿಸುವಾಗ ಆಟೋಕ್ಲೇವ್ ಎಂಬ, ಒತ್ತಡದ ಹಬೆಯಿಂದ ರೋಗಾಣು ಕೊಲ್ಲುವ ಯಂತ್ರದ ಗಡಿಯಾರ ನಿಂತಿತೆಂದು ತೃಪ್ತರಾಗದೆ, ಉಷ್ಣತೆ 121 ಡಿಗ್ರಿ ತಲುಪಿ ನಿಗದಿತ ಅವಧಿ ನಿಂತಿತೆಂಬುದಕ್ಕೆ ಸೂಚಕ ಪಟ್ಟಿಯ ಸಾಕ್ಷಿಯನ್ನು ರಿಜಿಸ್ಟರ್‌ಗೆ ಅಂಟಿಸಿಡಬೇಕು. ಬಳಿಕವೇ ಅದು 2016ರ ಜೀವವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಬಣ್ಣದ ಚೀಲ ಸೇರಬೇಕು. ಫ್ರೀಜರ್‌ಗೆ ಬೀಗ, ಬೀಗದ ಕೈ ಯಾರಲ್ಲಿದೆ ಎಂಬ ದಾಖಲೆ, ಇಬ್ಬರು ಸೇರಿ ಮಾಡುವ ಮಾಸಿಕ ಎಣಿಕೆ, ಕೆಲಸ ಬಿಟ್ಟು ಹೋದವರಿಂದ ಅಂದೇ ಬೀಗದ ಕೈ ವಾಪಸ್ ಪಡೆಯುವುದು, ಇವಕ್ಕೆ ದೊಡ್ಡ ಅನುದಾನವೇನೂ ಬೇಕಾಗಿಲ್ಲ.

ಸೂಜಿ ಚುಚ್ಚಿದರೆ, ಸೀಸೆ ಒಡೆದರೆ, ಎಣಿಕೆಯಲ್ಲಿ ಒಂದು ಕಡಿಮೆ ಬಂದರೆ ಅದನ್ನು ಅಂದೇ ಬರೆಯಬೇಕು, ಬರೆದವರನ್ನು ಶಿಕ್ಷಿಸಬಾರದು. ಸೋವಿಯತ್ ಒಕ್ಕೂಟದ ಸ್ವೆರ್ಡ್‌ಲೊವ್ಸ್ಕ್ ನಗರದಲ್ಲಿ 1979ರ ಏಪ್ರಿಲ್‌ನಲ್ಲಿ ಸೈನಿಕ ನೆಲೆಯೊಂದರಿಂದ ಆಂಥ್ರಾಕ್ಸ್ ಸೋರಿ ಕನಿಷ್ಠ 66 ಮಂದಿ ಸತ್ತರು. ಕಲುಷಿತ ಮಾಂಸ ತಿಂದದ್ದೇ ಕಾರಣವೆಂದು ಸರಕಾರ ವರ್ಷಗಟ್ಟಲೆ ಹೇಳಿತು, 1992ರಲ್ಲಿ ಅಧ್ಯಕ್ಷ ಯೆಲ್ತ್ಸಿನ್ ಸತ್ಯವನ್ನು ಒಪ್ಪಿಕೊಂಡರು. ಒಡಂಬಡಿಕೆಗೆ ಸಹಿ ಹಾಕಿದ್ದ ರಾಷ್ಟ್ರವೇ ರಹಸ್ಯವಾಗಿ ಜೈವಿಕ ಅಸ್ತ್ರ ತಯಾರಿಸುತ್ತಿದ್ದುದು ಹಾಗೆ ಬಯಲಾಯಿತು. ಮುಚ್ಚಿಟ್ಟ ಅಪಘಾತ ಹೊರಗಿನವರ ಕಣ್ಣಿಗೆ ಅಪರಾಧದಂತೆಯೇ ಕಾಣುತ್ತದೆ, ಆದ್ದರಿಂದ ಮುಚ್ಚಿಡಲು ಏನೂ ಇಲ್ಲದ ನಮ್ಮಂಥವರು ಬರೆದಿಡುವುದರಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಿರಬೇಕು.

ಹೊರದೇಶದಿಂದ ಕೋರಿಕೆ ಬಂದಾಗ

ಒಡಂಬಡಿಕೆಯ ಹತ್ತನೆಯ ವಿಧಿ ಶಾಂತಿಯುತ ಬಳಕೆಗಾಗಿ ಉಪಕರಣ, ವಸ್ತು ಮತ್ತು ಜ್ಞಾನದ ವಿನಿಮಯವನ್ನು ಪ್ರೋತ್ಸಾಹಿಸುತ್ತದೆ; ಮೂರನೆಯ ವಿಧಿ ಅಸ್ತ್ರ ತಯಾರಿಗೆ ಯಾರಿಗೂ ನೆರವಾಗಬಾರದೆನ್ನುತ್ತದೆ. ಉಣುಗುಗಳನ್ನೋ ರಕ್ತಸಾರವನ್ನೋ ಕಳುಹಿಸಿಕೊಡಿ ಎಂದು ವಿದೇಶಿ ಸಂಸ್ಥೆಯಿಂದ ಪತ್ರ ಬಂದರೆ ಉತ್ಸಾಹದಲ್ಲಿ ಒಪ್ಪುವುದೂ ಅನುಮಾನದಲ್ಲಿ ಹರಿದು ಎಸೆಯುವುದೂ ಸರಿಯಲ್ಲ. ಮೊದಲು ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ ಮತ್ತು ನೀತಿ ಸಮಿತಿಯ ಮುಂದೆ ಪತ್ರವನ್ನು ಇಡಬೇಕು. ಮನುಷ್ಯರ ಮಾದರಿಯನ್ನು ಒಳಗೊಂಡ ವಿದೇಶಿ ಸಹಯೋಗದ ಸಂಶೋಧನೆಗೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ ಪಡೆಯಬೇಕು. ಉಣುಗು, ಸೂಕ್ಷ್ಮಜೀವಿಗಳಂಥ ಜೈವಿಕ ಸಂಪನ್ಮೂಲಗಳಿಗೆ 2002ರ ಜೀವವೈವಿಧ್ಯ ಕಾಯ್ದೆ ಅನ್ವಯಿಸುವುದರಿಂದ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರವನ್ನು ಕೇಳಬೇಕು. ಸ್ಕೋಮೆಟ್ ಎಂಬ ರಫ್ತು ನಿಯಂತ್ರಣ ಪಟ್ಟಿಯ ಎರಡನೆಯ ವರ್ಗದಲ್ಲಿ ಸೂಕ್ಷ್ಮಜೀವಿಗಳು ಮತ್ತು ಜೀವವಿಷಗಳು ಇರುವುದರಿಂದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಬೇಕೇ ಎಂದು ಖಚಿತಪಡಿಸಿಕೊಳ್ಳಬೇಕು. ಇದನ್ನು ಕಡೆಗಣಿಸುವುದು 2005ರ ಸಾಮೂಹಿಕ ವಿನಾಶದ ಅಸ್ತ್ರಗಳ ಕಾಯ್ದೆಯ ವ್ಯಾಪ್ತಿಗೂ ಬರಬಹುದು.

ಈ ಅನುಮತಿಗಳ ಜೊತೆಗೆ ಪತ್ರ ಬರೆದವರನ್ನೇ ನೇರವಾಗಿ ಕೇಳಬೇಕಾದ ಮಾತುಗಳಿವೆ: ಹಣ ಯಾರದು, ಮಾದರಿ ಮೂರನೆಯವರ ಕೈಗೆ ಹೋಗುತ್ತದೆಯೇ, ಕೆಲಸ ಮುಗಿದ ಮೇಲೆ ಉಳಿದದ್ದು ಏನಾಗುತ್ತದೆ, ಅದೇ ಪರೀಕ್ಷೆಯನ್ನು ಶಿವಮೊಗ್ಗದಲ್ಲೇ ಮಾಡಲು ನಮ್ಮವರಿಗೆ ಕಲಿಸಿಕೊಡುವಿರಾ. ಹಣದ ಮೂಲವನ್ನು ಕೇಳುವುದು ಒರಟುತನವಲ್ಲ. ದೆಹಲಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಅಮೆರಿಕದ ಹಣದಿಂದ ನಡೆಸುತ್ತಿದ್ದ ಸೊಳ್ಳೆಗಳ ಆನುವಂಶಿಕ ನಿಯಂತ್ರಣ ಘಟಕ, ಮತ್ತು ಅಮೆರಿಕದ ಸೇನೆಯ ಹಣ ಪಡೆದಿದ್ದ ವಲಸೆ ಹಕ್ಕಿಗಳ ಅಧ್ಯಯನ, ಎರಡೂ 1974ರಲ್ಲಿ ಜೈವಿಕ ಅಸ್ತ್ರದ ಆರೋಪಕ್ಕೆ ಗುರಿಯಾದವು. ಮಂಗನ ಕಾಯಿಲೆಯ ವೈರಸ್ ಹಕ್ಕಿಗಳ ಜೊತೆ ಉತ್ತರದಿಂದ ಬಂದಿತೇ ಎಂಬ ಪ್ರಶ್ನೆಯೂ ಆ ಹಕ್ಕಿಗಳ ಅಧ್ಯಯನದ ಹಿನ್ನೆಲೆಯಲ್ಲಿತ್ತು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇವನ್ನು ಕಟುವಾಗಿ ಟೀಕಿಸಿತು, ಸೊಳ್ಳೆ ಘಟಕ 1975ರಲ್ಲಿ ಮುಚ್ಚಿತು. ಯಾರ ಹಣ, ಯಾತಕ್ಕೆ ಎಂಬುದನ್ನು ಮೊದಲ ದಿನವೇ ಬಹಿರಂಗವಾಗಿ ಹೇಳಿದ್ದರೆ ಜನರ ಅನುಮಾನಕ್ಕೆ ಅಷ್ಟು ಆಸ್ಪದ ಇರುತ್ತಿರಲಿಲ್ಲ ಎಂದೇ ನಾನು ಭಾವಿಸುತ್ತೇನೆ.

ಜಿನೀವಾಕ್ಕೆ ಹೋಗುವ ಹಾಳೆ

ರಾಸಾಯನಿಕ ಅಸ್ತ್ರಗಳ ನಿಷೇಧಕ್ಕೆ ಹೇಗ್ ನಗರದಲ್ಲಿ ತಪಾಸಣಾ ಸಂಸ್ಥೆಯಿದೆ. ಜೈವಿಕ ಅಸ್ತ್ರಗಳಿಗೆ ಅಂಥದ್ದೊಂದನ್ನು ಕಟ್ಟುವ ಮಾತುಕತೆ 2001ರಲ್ಲಿ ಮುರಿದುಬಿತ್ತು. ಹೀಗಾಗಿ ರಾಷ್ಟ್ರಗಳು 1986ರಲ್ಲಿ ಒಪ್ಪಿಕೊಂಡ, ಪ್ರತಿ ವರ್ಷ ಏಪ್ರಿಲ್ 15ರೊಳಗೆ ಜಿನೀವಾಕ್ಕೆ ಸಲ್ಲಿಸಬೇಕಾದ, ಪರಸ್ಪರ ಮಾಹಿತಿ ನೀಡುವ ವಿಶ್ವಾಸವೃದ್ಧಿ ನಮೂನೆಗಳ ಮಹತ್ವ ದೊಡ್ಡದು. ಸಂಶೋಧನಾ ಕೇಂದ್ರಗಳಿಗೆ ಒಂದು ನಮೂನೆ, ಲಸಿಕೆ ತಯಾರಿಕಾ ಘಟಕಗಳಿಗೆ ಒಂದು, ಅಸಹಜವಾದ ರೋಗೋದ್ರೇಕಗಳಿಗೆ 'ಬಿ' ನಮೂನೆ. ಆ ಏಪ್ರಿಲ್ ನಮ್ಮಲ್ಲಿ ಮಂಗನ ಕಾಯಿಲೆ ಇನ್ನೂ ಇಳಿಯದಿರುವ ಕಾಲ. ಇನ್ನೊಂದು ದಾರಿ 2007ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯದು: ಜಿಲ್ಲೆಯಿಂದ ರಾಜ್ಯಕ್ಕೆ, ಅಲ್ಲಿಂದ ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರಕ್ಕೆ ಹೋದ ವರದಿ ಅಂತರರಾಷ್ಟ್ರೀಯ ಕಾಳಜಿಗೆ ಕಾರಣವಾಗಬಲ್ಲದ್ದೆಂದು ನಿರ್ಣಯವಾದರೆ, 24 ಗಂಟೆಯೊಳಗೆ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕು. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದಾಗ ಅನುಭವಿಸಿದ ಸಂಕಟವನ್ನು ನೆನೆದರೆ, ಈ ದಾರಿಯ ಮೊದಲ ಮೆಟ್ಟಿಲಾದ ಹಳ್ಳಿಯ ವರದಿ ಒಂದು ದಿನ ತಡವಾಗುವುದರ ಬೆಲೆ ನಮಗೆ ಗೊತ್ತಿದೆ.

ಕಾಯಿಲೆಯ ಋತು ಆರಂಭಕ್ಕೆ ಮುನ್ನ, ಅಕ್ಟೋಬರ್‌ನಲ್ಲಿಯೇ, ಆಶಾ ಕಾರ್ಯಕರ್ತೆ, ಅರಣ್ಯ ವೀಕ್ಷಕ, ಪಶುವೈದ್ಯ ಮತ್ತು ಪ್ರಯೋಗಾಲಯದವರು ಒಂದು ದಿನ ಕೂಡಿ, ಸೀಸೆಯಲ್ಲಿ ಬಣ್ಣದ ನೀರು ತುಂಬಿ, ಸುದ್ದಿ ಬಂದ ಕ್ಷಣದಿಂದ ಪೆಟ್ಟಿಗೆ ತಲುಪುವವರೆಗಿನ ಎಲ್ಲವನ್ನೂ ಅಣಕು ಅಭ್ಯಾಸವಾಗಿ ಮಾಡಿ ನೋಡಬೇಕು. ಯಾವ ಫೋನ್ ಸಂಖ್ಯೆ ಬದಲಾಗಿದೆ, ಯಾವ ಊರಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಎಂಬುದು ಆಗಲೇ ತಿಳಿಯುತ್ತದೆ. ಋತು ಮುಗಿದ ಮೇಲೆ, ಜೂನ್ ಮಳೆ ಹಿಡಿಯುವ ಮೊದಲು, ಇಬ್ಬರು ಕೂತು ಫ್ರೀಜರ್‌ನ ಸೀಸೆಗಳನ್ನು ರಿಜಿಸ್ಟರ್ ಜೊತೆ ತಾಳೆ ನೋಡಬೇಕು. ನಾಶವಾದದ್ದರ ಮುಂದೆ ದಿನಾಂಕ, ಕಳುಹಿಸಿದ್ದರ ಮುಂದೆ ಸ್ವೀಕೃತಿ ಸಂಖ್ಯೆ, ಉಳಿದದ್ದರ ಮುಂದೆ ಯಾತಕ್ಕೆ ಉಳಿಸಿದ್ದೆಂಬ ಕಾರಣ ಬರೆದು ಇಬ್ಬರೂ ಸಹಿ ಹಾಕಬೇಕು. ಕಾರಣ ಬರೆಯಲು ಹೊಳೆಯದ ಸೀಸೆಯನ್ನು ಅಂದೇ ನಾಶಪಡಿಸಬೇಕು. ಬಳಿಕ ರಿಜಿಸ್ಟರ್‌ನ ಒಂದು ನಕಲು ತೆಗೆದು ಬೇರೆ ಕಟ್ಟಡದಲ್ಲಿಟ್ಟು, ಮೂಲ ಪುಸ್ತಕವನ್ನು ಮಲೆನಾಡಿನ ಮಳೆಗಾಲದ ಬೂಷ್ಟು ತಾಗದಂತೆ ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆಯಲ್ಲಿ ಸುತ್ತಿ, ನೆಲದಿಂದ ಎತ್ತರದ ಕಪಾಟಿನಲ್ಲಿ ಬೀಗ ಹಾಕಿಡಬೇಕು.