ಚೌಕದ ಮೇಲೆ ತೋಡಿಯ ಗಾಂಧಾರ

ಮಾಮೂಲಿ ಕೀಬೋರ್ಡ್‌ನಲ್ಲಿ ತೋಡಿ ರಾಗದ ಗಾಂಧಾರ ನುಡಿಸಿ ನೋಡಿ. ಬರಲ್ಲ. ಅದು ಒಂದು ಕಡೆ ಸುಮ್ನೆ ನಿಲ್ಲುವ ಸ್ವರವಲ್ಲ, ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗಾಡುತ್ತಲೇ ಇರಬೇಕು. ಸ್ವರ ಬಾಗಿಸಲು ಪಕ್ಕದಲ್ಲಿರುವ ಪಿಚ್ ವೀಲ್ ತಿರುಗಿಸಿ ಏನೋ ಒಂದಷ್ಟು ಮಾಡಬಹುದು. ಆದರೆ ಪಿಟೀಲು ಕಲಿತ ಬೆರಳಿಗೆ ಅದು ಹಿಂಸೆ.

ಹಾಗಾಗಿ ನಾನು ಲಿನ್‌ಸ್ಟ್ರುಮೆಂಟ್ ತಗೊಂಡೆ. 1980ರ ಎಲ್‌ಎಂ-1 ಡ್ರಮ್ ಮೆಷಿನ್ ಮಾಡಿದ ರೋಜರ್ ಲಿನ್ ಅವರದೇ ಕೈಕೆಲಸ. ಕಪ್ಪು-ಬಿಳಿ ಮನೆಗಳಿಲ್ಲ. 8 ಸಾಲು, ಸಾಲಿಗೆ 25 ಚೌಕ, ಮೆತ್ತನೆಯ ಸಮತಟ್ಟು ಹಾಸು. ಅಕ್ಕಪಕ್ಕದ ಚೌಕಗಳ ನಡುವೆ ಅರ್ಧ ಸ್ವರದ ಅಂತರ. ಸ ಒತ್ತಿದರೆ ಅದರ ನೇರ ಮೇಲಿನ ಸಾಲಲ್ಲಿ ಶುದ್ಧ ಮಧ್ಯಮ, ಅಲ್ಲಿಂದ ಬಲಕ್ಕೆ ಎರಡನೇ ಚೌಕ ಪಂಚಮ. ಯಾವ ಶ್ರುತಿಗೆ ಹೋದರೂ ಬೆರಳಿನ ದಾರಿ ಅದೇ. ಬೆರಳು ಅಡ್ಡ ಜಾರಿದ್ದು, ಮೇಲೆ ಕೆಳಗೆ ಸರಿದದ್ದು, ಎಷ್ಟು ಒತ್ತಿದೆ ಅನ್ನೋದು, ಮೂರೂ ಅದಕ್ಕೆ ಗೊತ್ತಾಗುತ್ತದೆ. ಅದಕ್ಕೆ ಸ್ವಂತ ದನಿ ಇಲ್ಲ, ದನಿ ಬರೋದು ಕಂಪ್ಯೂಟರ್ ಸಾಫ್ಟ್‌ವೇರ್‌ನಿಂದ.

ಮೊದಲು ನೋಡಬೇಕಾದದ್ದು ಬೆಂಡ್ ರೇಂಜ್, ಅಂದರೆ ಸ್ವರ ಎಷ್ಟು ಅರ್ಧ ಸ್ವರದ ತನಕ ಬಾಗಬಹುದು ಅನ್ನೋದು. ಉಪಕರಣದಲ್ಲೂ ಸಾಫ್ಟ್‌ವೇರ್‌ನಲ್ಲೂ ಒಂದೇ ಅಂಕಿ ಇರಬೇಕು, ಪ್ರತಿ ಬೆರಳಿನ ಚಲನೆಯನ್ನು ಬೇರೆಬೇರೆಯಾಗಿ ಕಳಿಸುವ ಎಂಪಿಇ ಪದ್ಧತಿಯಲ್ಲಿ ರೂಢಿಯದು 48. ಇಲ್ಲಿ 48, ಅಲ್ಲಿ 12 ಇದ್ದರೆ ನಾಲ್ಕು ಚೌಕ ಜಾರಿಸಿದರೂ ಸ್ವರ ಒಂದೇ ಚೌಕದಷ್ಟು ಏರುತ್ತದೆ. ಆಮೇಲೆ ಉಪಕರಣದ ಕ್ವಾಂಟೈಸ್ ಹೋಲ್ಡ್ ಅನ್ನೋ ಸೆಟ್ಟಿಂಗ್ ಆಫ್ ಮಾಡಿ. ಅದು ಆನ್ ಇದ್ದರೆ, ಬೆರಳು ನಿಂತ ತಕ್ಷಣ ಸ್ವರವನ್ನು ಹತ್ತಿರದ ಚೌಕಕ್ಕೆ ಎಳೆದು ಕೂರಿಸುತ್ತದೆ. ಹೊಸಬರಿಗೆ ಉಪಕಾರ, ನಮ್ಮ ಗಮಕಕ್ಕೆ ಕಾಟ.

ದನಿಗೆ ನಾನು ಬಳಸೋದು ಸ್ವಾಮ್ ವಯಲಿನ್ ಅನ್ನೋ ಸಾಫ್ಟ್‌ವೇರ್. ರೆಕಾರ್ಡ್ ಮಾಡಿದ ದನಿ ಇಟ್ಟುಕೊಂಡ ವಯಲಿನ್‌ಗಳನ್ನು ಜಾಸ್ತಿ ಜಾರಿಸಿದರೆ, ಅದರೊಳಗಿನ ವೈಬ್ರಾಟೋ, ಅಂದರೆ ದನಿಯ ಸಣ್ಣ ನಡುಕ ಕೂಡ ಜೊತೆಗೇ ವೇಗವಾಗುತ್ತದೆ, ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ. ಸ್ವಾಮ್‌ನಲ್ಲಿ ರೆಕಾರ್ಡಿಂಗ್ ಇಲ್ಲ. ತಂತಿ, ಕಮಾನು ಹೇಗೆ ವರ್ತಿಸುತ್ತವೋ ಅದನ್ನು ಆಯಾ ಕ್ಷಣದಲ್ಲೇ ಲೆಕ್ಕಹಾಕಿ ದನಿ ಹುಟ್ಟಿಸುತ್ತದೆ. ಅದರ ವೈಬ್ರಾಟೋ ಮಾತ್ರ ಪೂರ್ತಿ ಸೊನ್ನೆಗೆ ಇಳಿಸಿದ್ದೇನೆ, ಅದು ಸ್ವರವನ್ನು ತೂಗಾಡಿಸುವ ನಮ್ಮ ಕಂಪಿತ ಗಮಕದ ಜೊತೆ ಜಗಳಕ್ಕೆ ನಿಲ್ಲುತ್ತದೆ.

ಈಗ ಗಾಂಧಾರ. ರಿಷಭದ ಚೌಕದಲ್ಲಿ ನಡುಬೆರಳು ಊರಿ, ಎತ್ತದೆ ಬಲಕ್ಕೆ ಮಧ್ಯಮದ ತನಕ ಜಾರಿಸಿ ವಾಪಸ್ ಬರುತ್ತೇನೆ. ಬೆರಳಷ್ಟೇ ಅಲ್ಲ, ಮಣಿಕಟ್ಟೂ ಸರಿಯಬೇಕು. ಮೇಲಿನ ತುದಿಯಲ್ಲಿ ಒಂಚೂರು ನಿಲ್ಲದೆ ಹಿಂತಿರುಗಿದರೆ ಅದು ತೋಡಿ ಅಲ್ಲ, ಸುಮ್ನೆ ನಡುಕ. ಕಷ್ಟ ಇನ್ನೊಂದಿದೆ. ಜಾರುವಾಗ ಒತ್ತಡ ಏರಿಳಿಯುತ್ತದೆ, ಒತ್ತಡಕ್ಕೆ ದನಿಯ ಜೋರು ಕಟ್ಟಿದ್ದರೆ ಪ್ರತಿ ಕಂಪಿತಕ್ಕೂ ದನಿ ಉಬ್ಬಿ ಕುಗ್ಗುತ್ತದೆ. ಅದಕ್ಕೆ ದನಿಯ ಜೋರನ್ನು ಬಾಯಲ್ಲಿ ಊದುವ ಬ್ರೆತ್ ಕಂಟ್ರೋಲರ್‌ಗೆ ಕೊಟ್ಟೆ, ಒತ್ತಡಕ್ಕೆ ಕಮಾನಿನ ಬಿಗಿಯನ್ನಷ್ಟೇ ಬಿಟ್ಟೆ. ಪಿಟೀಲು ನುಡಿಸಲು ಊದೋದು ನೋಡಿ ಮನೆಯವರು ನಗುತ್ತಾರೆ, ನಗಲಿ.

ಜೊತೆಗೆ ಎಡಗೈಯಲ್ಲಿ ಸ-ಪ ಹಿಡಿಯಬೇಕಾದಾಗ ಉಚಿತವಾಗಿ ಸಿಗುವ ಸಿಂಥಸೈಜರ್ ಸಾಫ್ಟ್‌ವೇರ್ ಸರ್ಜ್ ಎಕ್ಸ್‌ಟಿಗೆ ಹೋಗುತ್ತೇನೆ. ವಾದ್ಯವೂ ಕಂಪ್ಯೂಟರೂ ಮಾತಾಡಿಕೊಳ್ಳುವ ಹಳೆಯ ಮಿಡಿ ಭಾಷೆಯಲ್ಲಿ ಒಂದು ಸ್ವರ ಬಾಗಿಸಿದರೆ ಅದೇ ಚಾನಲ್‌ನ ಎಲ್ಲವೂ ಬಾಗುತ್ತಿದ್ದವು. 2018ರಲ್ಲಿ ಅಧಿಕೃತವಾದ ಎಂಪಿಇಯಲ್ಲಿ ಬೆರಳಿಗೊಂದು ಚಾನಲ್, ಹಾಗಾಗಿ ಗಾಂಧಾರ ಅಲುಗಾಡಿದರೂ ಷಡ್ಜ ಅಲುಗಲ್ಲ.

ರೋಲಿ ಕಂಪನಿಯ ಮೆತ್ತನೆ ಕೀಬೋರ್ಡ್ ಸೀಬೋರ್ಡ್ ಕೂಡ ನುಡಿಸಿ ನೋಡಿದ್ದೇನೆ. ಕೀಬೋರ್ಡ್ ಬಲ್ಲವರಿಗೆ ಸಲೀಸು, ಆದರೆ ಅದರ ಉಬ್ಬುತಗ್ಗಿನ ಮನೆಗಳ ಮೇಲೆ ಕಂಪಿತ ತಡವರಿಸುತ್ತದೆ. ಇಷ್ಟು ದುಡ್ಡು ಈಗಲೇ ಬೇಡ ಅನ್ನುವವರ ಕೈಲಿ ಐಪ್ಯಾಡ್ ಇದ್ದರೆ ಜಿಯೋಶ್ರೆಡ್ ಆ್ಯಪ್ ಹಾಕಿಕೊಳ್ಳಿ. ಮಹೇಶ್ ರಾಘವನ್ ಅದರಲ್ಲೇ ಕರ್ನಾಟಕ ಸಂಗೀತ ನುಡಿಸುತ್ತಾರೆ. ಗಾಜಿನ ಮೇಲೆ ಬೆರಳು ಬೆವರಿದರೆ ಜಾರು ಸಿಕ್ಕಿಕೊಳ್ಳುತ್ತದೆ, ಪಕ್ಕದಲ್ಲೊಂದು ಒಣ ಬಟ್ಟೆ ಇಟ್ಟುಕೊಳ್ಳಿ.