ಇಸಬು ಅಂತ ಸುಮ್ನೆ ಊಟ ಬಿಡಿಸಬೇಡಿ

ಮಗನ ಮೊಣಕಾಲ ಹಿಂದೆ ಇಸಬು, ಅಂದ್ರೆ ಎಕ್ಸಿಮಾ, ಜಾಸ್ತಿ ಆದಾಗ ಓಣಿಯವರ ಮಾತು ಕೇಳಿ ಬದನೆಕಾಯಿ, ಶೇಂಗಾ ಹಿಂಡಿ, ಹಾಲು, ಮೊಟ್ಟೆ ಎಲ್ಲಾ ಬಿಡಿಸಿದೆ. ತೂಕ ಇಳಿಯಿತು, ತುರಿಕೆ ಇಳಿಯಲಿಲ್ಲ. ಚರ್ಮದ ಡಾಕ್ಟರು ಬೈದು, ಏನು ತಿಂದ, ಯಾವಾಗ ಕೆರೆದುಕೊಂಡ ಅಂತ ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿದರು. 4 ವಾರ ಬರೆದೆ. ನೋಡಿದರೆ ನಮ್ಮವನಿಗೆ ಊಟಕ್ಕಿಂತ ಕಲಬುರಗಿ ಬಿಸಿಲಿನ ಬೆವರೇ ಕಾಟ! ಕೆಲವು ಮಕ್ಕಳಿಗೆ ಹಾಲು, ಮೊಟ್ಟೆ, ಶೇಂಗಾ, ಗೋಧಿಯಿಂದ ಹೆಚ್ಚಾಗೋದು ನಿಜ. ಆದರೆ ಡಾಕ್ಟರನ್ನು ಕೇಳದೆ ತಿಂಗಳುಗಟ್ಟಲೆ ಬಿಡಿಸಿ ಮತ್ತೆ ಕೊಟ್ಟರೆ ಜೋರು ಅಲರ್ಜಿಯೇ ಆಗಬಹುದು. ತಿಂದ ಕೂಡಲೇ ತುಟಿ ಊದಿದರೆ, ಉಸಿರು ಕಟ್ಟಿದರೆ ಆಸ್ಪತ್ರೆಗೆ ಓಡಿ. ಈಗ ಉಗುರುಬೆಚ್ಚಗಿನ ನೀರಲ್ಲಿ ಸ್ನಾನ, ಮೈ ಪೂರ್ತಿ ಒಣಗೋ ಮುಂಚೆ ವ್ಯಾಸಲೀನ್. ಬದನೆಕಾಯಿ ಎಣ್ಣೆಗಾಯಿ ಮತ್ತೆ ಶುರುವಾಗಿದೆ.