ಥ್ಯಾಂಕ್ಸ್ ಬಿಟ್ಟೆ, ಡೇಟಾ ಬಂತು

ಯಾವುದಕ್ಕೆ ಕೃತಜ್ಞರು ಅಂತ ವಾರ ವಾರ ಬರೆದರೆ ಬದುಕಿನ ತೃಪ್ತಿ ಹೆಚ್ಚುತ್ತಾ ಅಂತ ನೋಡೋದು ನನ್ನ ಸಂಶೋಧನೆ. ಅದಕ್ಕೆ ತುಮಕೂರಿನ ಸುತ್ತಮುತ್ತ ನಲವತ್ತು ಮನೆಗಳಿಗೆ ಎಂಬತ್ತು ಕೃತಜ್ಞತಾ ಡೈರಿ ಹಂಚಿದ್ದೆ. ವಾಪಸ್ ಬಂದದ್ದು ಮೂವತ್ತೆಂಟು. ಅದರಲ್ಲೂ ಹದಿನೈದರಲ್ಲಿ ಹತ್ತು ವಾರದ ಬರಹ ಒಂದೇ ಪೆನ್ನು, ಒಂದೇ ಓಟ. ಒಂದರ ಕೊನೇ ಪುಟದಲ್ಲಿ ಸಾರಿನ ಕಲೆ ಇನ್ನೂ ಒಣಗಿರಲಿಲ್ಲ. ಗೈಡ್ ತಿರುವಿ ಹಾಕಿ, "ನಮ್ಮ ಜನಕ್ಕೆ ಇದೆಲ್ಲ ಆಗಲ್ಲ ಅಂತ ಮೊದಲೇ ಹೇಳಿದ್ನಲ್ಲಮ್ಮಾ" ಅಂದರು. ಪುಸ್ತಕಕ್ಕೇ ಎರಡೂವರೆ ಸಾವಿರ ಹತ್ತಿರ ಹೋಗಿತ್ತು. ಓಡಾಟದ ಪೆಟ್ರೋಲ್ ಲೆಕ್ಕ ಇಟ್ಟಿಲ್ಲ.

ತಪ್ಪು ನಂದೇ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಮನ್ಸ್-ಮೆಕಲ್ಲಾ ಅವರ 2003ರ ಕೃತಜ್ಞತಾ ಪ್ರಯೋಗವನ್ನು ಹಾಗೇ ಎತ್ತಿಕೊಂಡಿದ್ದೆ: ವಾರಕ್ಕೊಮ್ಮೆ, ಐದು ವಿಷಯದವರೆಗೆ, ಹತ್ತು ವಾರ. ಅವರು ಬರೆಸಿದ್ದು ಕಾಲೇಜು ಹುಡುಗರ ಕೈಲಿ. ನಾನು ಬರೆಯಲು ಕೂರಿಸಿದ್ದು ಅತ್ತೆ-ಸೊಸೆಯರನ್ನ. ಡೈರಿ ಟಿವಿ ಸ್ಟ್ಯಾಂಡ್ ಮೇಲೆ ಬಿದ್ದಿರುತ್ತೆ, ಎಲ್ಲರೂ ಓದುತ್ತಾರೆ. ಒಂದು ಮನೆಯಲ್ಲಿ ದೊಡ್ಡ ಸೊಸೆಯ ಹೆಸರು ಮೂರು ಸಲ ಬಂತು, ಚಿಕ್ಕವಳದ್ದು ಬರಲೇ ಇಲ್ಲ. ಜಗಳವಾಗಿ ಮನೆಯವರೆಲ್ಲ ಅಧ್ಯಯನದಿಂದಲೇ ಹೊರಗೆ ಹೋದರು. ಉಳಿದವರು ಜಾಣರು, "ದೇವರ ದಯೆ, ಎಲ್ಲ ಚೆನ್ನಾಗಿದೆ" ಅಂತ ಐದು ಸಾಲು ತುಂಬಿಸಿದರು.

ಕೃತಜ್ಞತೆ ಅಳೆಯುವ ಆರು ಪ್ರಶ್ನೆಯ ಪಟ್ಟಿ ಜಿಕ್ಯೂ-6ರ ಕಥೆ ಇನ್ನೊಂದು. ಆರರಲ್ಲಿ ಎರಡು ಪ್ರಶ್ನೆ ಉಲ್ಟಾ ಅಂಕದವು, ಅಂದರೆ ಹೌದು ಅಂದಷ್ಟೂ ಕೃತಜ್ಞತೆ ಕಮ್ಮಿ ಅಂತ ಲೆಕ್ಕ. "ಕೃತಜ್ಞತೆ ಪಡುವಂಥದ್ದು ಹೆಚ್ಚೇನೂ ಕಾಣುವುದಿಲ್ಲ" ಅಂತ ಓದಿದರೆ ಅಜ್ಜಿಯರು ಮರ್ಯಾದೆಗೆ "ಹೌದಮ್ಮಾ" ಅಂದುಬಿಡುತ್ತಿದ್ದರು. ಉತ್ತರಕ್ಕಿದ್ದ ಒಂದರಿಂದ ಏಳರವರೆಗಿನ ಅಂಕದ ಸಾಲು ತೆಗೆದು, ನೀರಿನ ಮಟ್ಟ ಏರುತ್ತಾ ಹೋಗುವ ಏಳು ಸ್ಟೀಲ್ ಲೋಟದ ಚಿತ್ರ ಬರೆಸಿದೆ. ಎಲ್ಲಿವರೆಗೆ ತುಂಬಿದೆ ಅಂತ ಬೆರಳಿಟ್ಟು ತೋರಿಸುತ್ತಿದ್ದರು. ಈ ಲೋಟದ ಉಪಾಯ ನಂದೇ, ಸ್ವಲ್ಪ ಜಂಬ ಇದೆ.

ನಿಜವಾದ ತಿರುವು ಅಡುಗೆಮನೆಯಲ್ಲಿ ಸಿಕ್ಕಿತು. ಕಾಫಿ ಕೊಟ್ಟ ಒಬ್ಬರಿಗೆ ಅಭ್ಯಾಸಬಲದಿಂದ ಥ್ಯಾಂಕ್ಸ್ ಅಂದೆ. "ನಾವೇನು ಹೊರಗಿನವರಾ?" ಅಂತ ಮುಖ ಸಣ್ಣ ಮಾಡಿಕೊಂಡರು. ದಕ್ಷಿಣ ಭಾರತದಲ್ಲಿ ಕೃತಜ್ಞತೆ ಬಾಯಿಮಾತಿಗಿಂತ ನಡೆಯಲ್ಲಿರುತ್ತೆ ಅಂತ ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ ತಮಿಳರ ಬಗ್ಗೆ 1985ರಲ್ಲೇ ಬರೆದಿದ್ದರು. ಓದಿದ್ದೆ, ತಲೆಗೆ ಹೋಗಿರಲಿಲ್ಲ, ಅಷ್ಟೆ.

ಡೈರಿ ಬಿಟ್ಟೆ. ಪ್ರಶ್ನೆ ಬದಲಾಯಿಸಿದೆ: "ಈ ವಾರ ಮನೇಲಿ ಯಾರು ನಿಮಗೋಸ್ಕರ ಏನು ಮಾಡಿದರು?" ಉತ್ತರ ವಾಟ್ಸಾಪ್‌ನಲ್ಲಿ, ದನಿಯಲ್ಲಿ, ನನಗೆ ಮಾತ್ರ. ಮಧ್ಯೆ ಸುಮ್ನೆ ಹತ್ತು ಜನಕ್ಕೆ "ಯಾರ ಋಣ ನಿಮ್ಮ ಮೇಲಿದೆ?" ಅಂತಲೂ ಕೇಳಿ ನೋಡಿದೆ. ನಾಲ್ಕು ಜನ ಸೊಸೈಟಿ ಸಾಲದ ಲೆಕ್ಕ ಕೊಟ್ಟರು, ಒಬ್ಬರು ಅತ್ತೇಬಿಟ್ಟರು. ಅಲ್ಲಿಗೇ ನಿಲ್ಲಿಸಿದೆ.

ಎರಡನೇ ಸುತ್ತಿಗೆ ರೀಚಾರ್ಜ್ ಸೇರಿ ಹನ್ನೆರಡು ಸಾವಿರ ಆಯಿತು, ಎಲ್ಲಾ ಕೈಯಿಂದ. ಆದರೆ ಹತ್ತರಲ್ಲಿ ಎಂಟು ವಾರವಾದರೂ ಉತ್ತರ ಕಳಿಸಿದವರು ಮುಕ್ಕಾಲು ಪಾಲು ಜನ. ಬದುಕಿನ ತೃಪ್ತಿಯನ್ನು ಐದರಿಂದ ಮೂವತ್ತೈದರವರೆಗೆ ಅಳೆಯುವ ಡೀನರ್ ಮಾಪನದಲ್ಲಿ ಇವರ ಸರಾಸರಿ ಇಪ್ಪತ್ತೊಂದರಿಂದ ಇಪ್ಪತ್ನಾಲ್ಕರ ಹತ್ತಿರ ಹೋಯಿತು. ಸುಮ್ನೆ ವಾರದ ಸುದ್ದಿ ಹೇಳಿದ ಗುಂಪು ಒಂದಂಕವೂ ಏರಲಿಲ್ಲ. ಎರಡು ತಿಂಗಳ ಮೇಲೆ ಹೋದರೆ ಏರಿದ್ದರಲ್ಲಿ ಅರ್ಧ ಇಳಿದಿತ್ತು. ಮನಶ್ಶಾಸ್ತ್ರಜ್ಞ ಸೆಲಿಗ್‌ಮನ್ ತಂಡದ 2005ರ ಪ್ರಯೋಗದಲ್ಲಿ, ಉಪಕಾರ ಮಾಡಿದವರಿಗೆ ಪತ್ರ ಬರೆದು ತಾವೇ ಹೋಗಿ ಕೊಡುವ ಕೃತಜ್ಞತಾ ಭೇಟಿಯ ಲಾಭವೂ ತಿಂಗಳಾಚೆ ಉಳಿಯಲಿಲ್ಲವಲ್ಲ, ನಂದೇನು ಕಮ್ಮಿ ಅಲ್ಲ.

ಒಂದೇ ಫೋನಿರುವ ಮನೆಯಲ್ಲಿ ಅತ್ತೆಗೆ ಕೇಳಿಸದಂತೆ ಸೊಸೆಯ ದನಿ ಹೇಗೆ ತರಿಸಿಕೊಂಡೆ ಅನ್ನೋದು ಪೇಪರ್ ಅಚ್ಚಾಗುವವರೆಗೆ ಹೇಳಲ್ಲ.

ಮಗನ ಜೊತೆ ವರ್ಷದಿಂದ ಮಾತು ಬಿಟ್ಟಿದ್ದ ಒಬ್ಬ ತಂದೆ ಆರು ವಾರ ಖಾಲಿ ಉಸಿರು ಕಳಿಸಿದರು. ಏಳನೇ ವಾರ ಹದಿಮೂರು ಸೆಕೆಂಡಿನ ದನಿ ಬಂತು: "ನನ್ ಗಾಡಿ ಚೈನಿಗೆ ಯಾರೋ ಎಣ್ಣೆ ಬಿಟ್ಟವ್ರೆ. ಅವ್ನೇ ಇರ್ಬೇಕು." ಗೈಡ್‌ಗೆ ಕೇಳಿಸಿದೆ. ಎರಡು ಸಲ ಹಾಕಿಸಿಕೊಂಡು ಕೇಳಿದರು. ಆಮೇಲೆ, ಸ್ಯಾಂಪಲ್ ಇನ್ನೂ ಜಾಸ್ತಿ ಬೇಕಿತ್ತು ಅಂದರು.